ಡಬಲ್ ಎಕ್ಸೆಲ್ ಯಾರದು?

ಅಕ್ಟೋಬರ್ ಕೊನೆಯ ವಾರ ಬೆಂಗಳೂರಿನ ಆಫೀಸುಗಳ ಪ್ಯಾಂಟ್ರಿಯಲ್ಲಿ ದೊಡ್ಡದೊಂದು ರಟ್ಟಿನ ಡಬ್ಬ ಬಂದು ಕೂರುತ್ತದೆ. ಒಳಗಿರುವುದು ರಾಜ್ಯೋತ್ಸವದ ಟೀ ಶರ್ಟು: ಹಳದಿ ಮೈ, ಕೆಂಪು ಕಾಲರು, ಎದೆಯ ಮೇಲೆ ಕನ್ನಡದ ಒಂದು ಸಾಲು. ಹಂಚುವ ಜವಾಬ್ದಾರಿ ಯಾಕೋ ಯಾವಾಗಲೂ ಆಫೀಸಿನಲ್ಲಿ ಅತಿ ದೊಡ್ಡ ಗಂಟಲಿರುವವರ ಪಾಲಿಗೇ ಬರುತ್ತದೆ. ಅವರು ಡಬ್ಬದಿಂದ ಒಂದನ್ನೆತ್ತಿ, ಎರಡೂ ಭುಜ ಹಿಡಿದು, ಬಾಗಿಲಿಗೆ ಪರದೆ ಕಟ್ಟುವವರ ಹಾಗೆ ಬಿಡಿಸಿ ಕೂಗುತ್ತಾರೆ: "ಡಬಲ್ ಎಕ್ಸೆಲ್ ಯಾರದ್ರೀ ಇದು? ಇದ್ರಲ್ಲಿ ಇಬ್ರು ಹೋಗ್ಬೋದು!"

ನಗು ಏಳುತ್ತದೆ. ಆ ಟೀ ಶರ್ಟಿನ ವಾರಸುದಾರರು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಕೈ ಎತ್ತಬೇಕು, ಇಲ್ಲವೇ ನವೆಂಬರ್ 1ಕ್ಕೆ ಬಿಳಿ ಅಂಗಿಯಲ್ಲಿ ಬಂದು "ಯಾಕ್ರೀ, ಕನ್ನಡದ ಮೇಲೆ ಅಭಿಮಾನ ಇಲ್ವಾ?" ಅನ್ನಿಸಿಕೊಳ್ಳಬೇಕು.

ಮೈ ನೋಡಿ ಮಾತಾಡಿಸುವುದು ನಮ್ಮಲ್ಲಿ ಕುಶಲೋಪರಿಯ ಒಂದು ಅಂಗ, ಅದನ್ನು ಒಪ್ಪಿಕೊಳ್ಳೋಣ. ಊರಿಗೆ ಹೋದರೆ ಅಜ್ಜಿ ಹೊಸಿಲಲ್ಲೇ "ಸೊರಗಿ ಹೋಗಿದೀಯಲ್ಲೋ" ಅನ್ನುತ್ತಾಳೆ. ಮದುವೆ ಮನೆಯಲ್ಲಿ ದೂರದ ಅತ್ತೆ "ಮೈ ಕೈ ತುಂಬ್ಕೊಂಡಿದೀಯ ಈಗ" ಅಂದು ಗಲ್ಲ ಹಿಡಿಯುತ್ತಾರೆ. ಅಜ್ಜಿಯ ಮಾತಿನ ಹಿಂದೆಯೇ ತುಪ್ಪ ಸುರಿದ ದೋಸೆ ಬರುತ್ತದೆ. ಅತ್ತೆಯ ಮಾತಿನ ಹಿಂದೆ ದೃಷ್ಟಿ ತೆಗೆಯುವ ಕೈಯಿದೆ. ಆಡಿದ ಮಾತಿಗೆ ಅವರು ಅಷ್ಟಾದರೂ ಬಾಡಿಗೆ ಕಟ್ಟುತ್ತಾರೆ. ಆಫೀಸಿನ ಮಾತಿಗೆ ದೋಸೆಯೂ ಇಲ್ಲ, ದೃಷ್ಟಿಯೂ ಇಲ್ಲ. ಜೊತೆಗೆ ನಾಳೆ ಹತ್ತು ಗಂಟೆಗೆ ಅದೇ ಜನರ ಮುಂದೆ ಎದ್ದು ನಿಂತು ತಿಂಗಳ ಲೆಕ್ಕ ಒಪ್ಪಿಸಬೇಕು.

ಮೈಯ ಅಳತೆಯನ್ನು ಹೇಗೆ ಉಚ್ಚರಿಸಬೇಕು ಅನ್ನುವುದನ್ನು ಟೈಲರ್ ಅಂಗಡಿಯಲ್ಲಿ ಕಲಿಯಬೇಕು. ಮಾಸ್ಟರು 60 ಇಂಚಿನ ಟೇಪನ್ನು ಕತ್ತಿನಿಂದ ಇಳಿಸಿ, ಎದೆಗೆ ಸುತ್ತಿ, ಒಳಗೆ ಎರಡು ಬೆರಳು ಬಿಟ್ಟು, ಹುಡುಗನ ಕಡೆ ತಿರುಗದೆಯೇ ಒಂದೊಂದೇ ಅಂಕಿ ಹೇಳುತ್ತಾರೆ: ಉದ್ದ, ಭುಜ, ಎದೆ, ಸೊಂಟ, ತೋಳು. ಹುಡುಗ ಬಿಲ್ಲಿನ ಹಿಂಬದಿ ಬರೆದುಕೊಳ್ಳುತ್ತಾನೆ. 34ಕ್ಕೂ 46ಕ್ಕೂ ದನಿ ಒಂದೇ. ಕಳೆದ ವರ್ಷದ ರವಿಕೆ ಬಿಗಿಯಾಗಿದೆ ಎಂದು ಒಯ್ದರೆ ಒಳಗಿನ ಅಂಚು ತಿರುಗಿಸಿ ನೋಡಿ, "ಒಂದು ಹೊಲಿಗೆ ಬಿಚ್ಚಿದ್ರೆ ಸರಿ ಹೋಗುತ್ತೆ ಬಿಡೀಮ್ಮ" ಅನ್ನುತ್ತಾರೆ. ಮೈ ಬೆಳೆಯುವುದರ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಸಭ್ಯವಾದ ವಾಕ್ಯ ಇದ್ದಂತಿಲ್ಲ. ಅದು ಬರೀ ಸಮಾಧಾನದ ಮಾತೂ ಅಲ್ಲ. ಒಳ್ಳೆಯ ಟೈಲರ್ ರವಿಕೆಯ ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಒಳಗೆ ಉಳಿಸಿ, ಕಾಲಿಂಚಿನ ಅಂತರದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಒಳಗಿನ ಸಾಲು ಬಿಚ್ಚಿದರೆ ಎರಡು ಪಕ್ಕ, ಮುಂದೆ ಹಿಂದೆ ಸೇರಿ ನಾಲ್ಕು ಕಾಲಿಂಚು, ಅಂದರೆ ಪೂರಾ ಒಂದು ಇಂಚು ಸಿಗುತ್ತದೆ. ಮೈ ಬದಲಾಗುತ್ತದೆ ಎಂದು ಮೊದಲೇ ಗೊತ್ತಿದ್ದು, ಅದಕ್ಕೆ ಜಾಗ ಬಿಟ್ಟು ಹೊಲಿದ ಬಟ್ಟೆ ಅದು.

ರೆಡಿಮೇಡಿನಲ್ಲಿ ಆ ಜಾಗ ಇಲ್ಲ. ಅಲ್ಲಿ ಹೊಲಿಗೆ ಅಂಚಿಗೇ ಮುಗಿದಿರುತ್ತದೆ, ಬಿಚ್ಚಲು ಏನೂ ಉಳಿದಿರುವುದಿಲ್ಲ. ಬದಲಿಗೆ ಕತ್ತಿನ ಹಿಂದೆ ಒಂದು ಲೇಬಲ್ಲು. ನಾವು ಆ ಲೇಬಲ್ಲಿಗೆ ಜಾತಕಕ್ಕೆ ಕೊಡುವಷ್ಟು ಬೆಲೆ ಕೊಡುತ್ತೇವೆ. ಅದು ಏನನ್ನು ಅಳೆಯುತ್ತದೆ ಎಂದು ನೋಡಿದರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ಫಾರ್ಮಲ್ ಶರ್ಟಿನ ಕಾಲರಿನೊಳಗೆ 39, 40, 42, 44 ಎಂದು ಬರೆದಿರುತ್ತದಲ್ಲ, ಬಹಳಷ್ಟು ಬ್ರ್ಯಾಂಡುಗಳಲ್ಲಿ ಅದು ಕತ್ತಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. 42 ಅಂದರೆ ಹದಿನಾರೂವರೆ ಇಂಚಿನ ಕತ್ತು. "ನಲವತ್ತೆರಡಾ? ಅಬ್ಬಬ್ಬಾ!" ಎಂದು ಹುಬ್ಬೇರಿಸಿದ ಸಹೋದ್ಯೋಗಿ ಬೆಚ್ಚಿಬಿದ್ದದ್ದು ನಿಮ್ಮ ಕತ್ತನ್ನು ಕಂಡು.

ಟೀ ಶರ್ಟಿನಲ್ಲಿ ಲೆಕ್ಕ ಬೇರೆ. ಅಲ್ಲಿನ ಅಂಕಿ ಸಾಮಾನ್ಯವಾಗಿ ಬಟ್ಟೆಯ ಎದೆ ಸುತ್ತಳತೆ, ಇಂಚಿನಲ್ಲಿ. ಆರಾಮಾಗಿ ಕೂರಬೇಕೆಂದರೆ ಬಟ್ಟೆ ಮೈಗಿಂತ ಮೂರು ನಾಲ್ಕು ಇಂಚು ಹೆಚ್ಚಿರಬೇಕು. ಆದ್ದರಿಂದ 44 ಎಂದು ಗುರುತಿರುವ ಎಕ್ಸೆಲ್ಲು 40 ಇಂಚಿನ ಎದೆಗೆ ಸರಿಯಾದದ್ದು. ಇನ್ನೊಬ್ಬ ತಯಾರಕರ ಎಕ್ಸೆಲ್ಲು 42 ಇರಬಹುದು, ಮತ್ತೊಬ್ಬರದು 46. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆದರು. ಆ ಅಂಕಿಗಳ ಮೇಲೆ 1958ರಲ್ಲಿ ಸರ್ಕಾರವೇ ಒಂದು ಮಾನದಂಡ ಹೊರಡಿಸಿತು. 1983ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅಂಗಡಿಯವರಂತೂ ಗಿರಾಕಿಯ ಮನಸ್ಸು ನೋಯಬಾರದೆಂದು ಲೇಬಲ್ಲಿನ ಅಂಕಿ ಹಾಗೇ ಇಟ್ಟು ಬಟ್ಟೆಯನ್ನು ಹಿಗ್ಗಿಸುತ್ತಾ ಬಂದರು. ನಮ್ಮಲ್ಲಂತೂ ಸಿದ್ಧ ಉಡುಪು ಎರವಲು ಅಳತೆಗಳ ಮೇಲೆಯೇ ನಡೆದು ಬಂದದ್ದು. ಭಾರತೀಯರದೇ ಒಂದು ಪಟ್ಟಿ ಬೇಕೆಂದು ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ 15ರಿಂದ 65 ವಯಸ್ಸಿನ 25,000 ಜನರನ್ನು 6 ನಗರಗಳಲ್ಲಿ ಸ್ಕ್ಯಾನರಿನ ಮುಂದೆ ನಿಲ್ಲಿಸಿ ಅಳೆಯುವ ಯೋಜನೆ ಹಾಕಿತು. ಬೆಂಗಳೂರೂ ಆ ಪಟ್ಟಿಯಲ್ಲಿದೆ. ಅಂದರೆ ನಿಮ್ಮ ಸೈಜ್ ಎಷ್ಟು ಎಂಬ ಪ್ರಶ್ನೆಗೆ ಒಂದು ದೇಶವೇ ಇಷ್ಟು ತಡವಾಗಿ ಟೇಪ್ ಹಿಡಿದಿದೆ. ಪ್ಯಾಂಟ್ರಿಯಲ್ಲಿ ನಿಂತವರಿಗೆ ಕಣ್ಣಂದಾಜಿನಲ್ಲೇ ಉತ್ತರ ಗೊತ್ತು.

ಸೀರೆ, ಪಂಚೆಗೆ ಈ ರಗಳೆಯಿಲ್ಲ. ಇಳಕಲ್ ಸೀರೆ 6, 8, 9 ಗಜಗಳಲ್ಲಿ ಸಿಗುತ್ತದೆ. ಆದರೆ 9 ಗಜ ಬೇಕಾಗುವುದು ಕಚ್ಚೆ ಹಾಕಿ ಉಡುವವರಿಗೆ, ದಪ್ಪಗಿರುವವರಿಗಂತಲ್ಲ. ಎಂಟು ಮೊಳದ ಪಂಚೆ ಅಪ್ಪನಿಗೂ ಆದೀತು, ಮಗನಿಗೂ ಆದೀತು. ನಮ್ಮಲ್ಲಿ ಅಳತೆಯ ಬಗ್ಗೆ ಬಹಿರಂಗವಾಗಿ ಜಗಳವಾಡಲು ಹಕ್ಕಿರುವುದು ಹೂವಿನಂಗಡಿಯ ಮುಂದೆ ಮಾತ್ರ: "ಮೊಳ ಗಿಡ್ಡ ಆಯ್ತಲ್ಲಮ್ಮ!"

ಇನ್ನೊಂದು ಅನ್ಯಾಯ ಒಗೆತದ್ದು. ಆಫೀಸಿನ ಟೀ ಶರ್ಟುಗಳನ್ನು ಬೆಲೆ ನೋಡಿ ಆರಿಸುತ್ತಾರೆ. ನಿಟ್ ಬಟ್ಟೆಯನ್ನು ಕತ್ತರಿಸುವ ಮುಂಚೆ ಕುಗ್ಗಿಸುವ ಕೆಲಸವನ್ನು ಸರಿಯಾಗಿ ಮಾಡದಿದ್ದರೆ ಹತ್ತಿಯದು ಮೊದಲ ಒಗೆತಕ್ಕೆ ನೂರಕ್ಕೆ ಐದರಷ್ಟು ಕುಗ್ಗುವುದು ದೊಡ್ಡ ಮಾತಲ್ಲ. 42 ಇಂಚಿಗೆ ಅದು ಎರಡು ಇಂಚು. ಒಂದು ಸೈಜಿಗೂ ಮುಂದಿನದಕ್ಕೂ ಇರುವ ಅಂತರವೂ ಎರಡೇ ಇಂಚು. ಹೀಗೆ ನವೆಂಬರ್ 1ಕ್ಕೆ ಸಡಿಲವಾಗಿದ್ದದ್ದು ಮುಂದಿನ ಶುಕ್ರವಾರ ಬಿಗಿಯುತ್ತದೆ, ಬಿಸಿನೀರಲ್ಲಿ ನೆನೆಸಿದರೆ ಇನ್ನೂ ಬೇಗ. ಆಗ ಬರುತ್ತದೆ, "ಒಂದೇ ವಾರಕ್ಕೆ ದಪ್ಪ ಆಗ್ಬಿಟ್ರಾ?" ತಪ್ಪು ಬಟ್ಟೆಯದು, ದಂಡ ಮೈಗೆ.

ಈಗ ಆ ಗಳಿಗೆಗೆ ಬರೋಣ. ಎಲ್ಲರ ಎದುರು ಮಾತು ಬಿದ್ದಿದೆ, ಕಿವಿ ಬಿಸಿಯಾಗಿದೆ. ಇಂಥ ಹೊತ್ತಿನಲ್ಲಿ ನಾಲಿಗೆಗೆ ಮೊದಲು ಬರುವ ಮೂರೂ ಉತ್ತರ ಕೆಡುಕಿನವೇ. ಅತಿ ಸುಲಭದ್ದು ತಾನೂ ನಕ್ಕು, "ಹೌದು ಕಣ್ರೀ, ನಂದೊಂದು ಡ್ರಮ್ಮು" ಅನ್ನುವುದು. ಆ ಕ್ಷಣ ದಾಟಿಬಿಡುತ್ತದೆ, ನಿಜ. ಆದರೆ ಅದು ಲೈಸೆನ್ಸ್ ಬರೆದುಕೊಟ್ಟ ಹಾಗೆ. ಮುಂದೆ ಲಿಫ್ಟು ನಿಧಾನವಾದರೂ ಎಲ್ಲರೂ ನಿಮ್ಮ ಕಡೆಗೇ ತಿರುಗುತ್ತಾರೆ. ಎರಡನೆಯದು ತಿರುಗೇಟು: "ನಿಮ್ಮ ತಲೆ ಮೇಲೆ ಕೂದಲು ಬಂದ ದಿನ ನಾನೂ ಸಣ್ಣ ಆಗ್ತೀನಿ." ಮಾತು ಚೆನ್ನಾಗಿದೆ, ಚಪ್ಪಾಳೆಯೂ ಬೀಳಬಹುದು. ಸಂಜೆಗೆ ಕಥೆ "ಇಬ್ಬರೂ ಒಬ್ಬರಿಗೊಬ್ಬರು ಅಂದುಕೊಂಡರು" ಎಂದಾಗಿರುತ್ತದೆ. ಆಮೇಲೆ ದೂರಲು ನಿಮಗೆ ಬಾಯಿಲ್ಲ. ಮೂರನೆಯದು ವಿವರಣೆ. ಥೈರಾಯ್ಡ್, ಮಾತ್ರೆ, ಹೆರಿಗೆ, ರಾತ್ರಿ ಪಾಳಿ, ಏನೇ ಹೇಳಿದರೂ ಪ್ಯಾಂಟ್ರಿ ಆಸ್ಪತ್ರೆಯಾಗುತ್ತದೆ. ಒಬ್ಬರು ಬಿಸಿನೀರಿಗೆ ಜೇನು ಅನ್ನುತ್ತಾರೆ, ಇನ್ನೊಬ್ಬರು ಹುರುಳಿಕಟ್ಟು, ಮತ್ತೊಬ್ಬರು ರಾತ್ರಿ ಅನ್ನ ಬಿಡಿ ಅನ್ನುತ್ತಾರೆ. ಹದಿನೈದು ದಿನ ಬಿಟ್ಟು "ಹುರುಳಿ ಶುರು ಮಾಡಿದ್ರಾ?" ಎಂಬ ವಿಚಾರಣೆ ಬೇರೆ.

ಕೆಲಸಕ್ಕೆ ಬರುವುದು ಟೈಲರ್ ಮಾಸ್ಟರ ದನಿ. "ನಂದೇ. ಕೊಡಿ ಇಲ್ಲಿ." ಅಷ್ಟೇ. ಬಸ್ಸಿನ ನಂಬರು ಹೇಳುವ ದನಿಯಲ್ಲಿ ಹೇಳಬೇಕು, ಹೇಳಿ ಕೈ ಚಾಚಬೇಕು. ನಗುವುದೂ ಬೇಡ, ಮುಖ ಗಂಟಿಕ್ಕುವುದೂ ಬೇಡ. ಬಟ್ಟೆ ಈಸಿಕೊಂಡ ಮೇಲೆ ಹೊಟ್ಟೆಗೆ ಅಡ್ಡ ಹಿಡಿದು ಓಡಬಾರದು. ಅಲ್ಲೇ ಮೇಜಿನ ಮೇಲೆ ಹರಡಿ, ತೋಳು ಒಳಗೆ ಮಡಚಿ, ನಾಲ್ಕು ಮಡಿಕೆ ಮಾಡಿ ಎತ್ತಿಕೊಳ್ಳಬೇಕು. ಇದಕ್ಕೆ ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡು ಮೌನವಾಗಿರುತ್ತದೆ, ಮತ್ತು ಆ ಮೌನ ತಮಾಷೆ ಮಾಡಿದವರ ಪಾಲಿನದು. ಡಬಲ್ ಎಕ್ಸೆಲ್ ಮೇಲಿನ ತಮಾಷೆ ನಿಂತಿರುವುದೇ ಅದು ಒಪ್ಪಿಕೊಳ್ಳಲಾಗದ ಗುಟ್ಟು ಎಂಬ ನಂಬಿಕೆಯ ಮೇಲೆ. ಒಪ್ಪಿಕೊಂಡ ಮೇಲೆ ನಗಲು ಏನೂ ಉಳಿಯುವುದಿಲ್ಲ. ಸಣಕಲು ಮೈಯವರಿಗೂ ಇದೇ ಉಪಾಯ. "ಸ್ಮಾಲಾ? ಮಕ್ಕಳ ಅಂಗಡೀಲಿ ತರ್ಬೋದಿತ್ತಲ್ಲ" ಅನ್ನುವವರು ಅದನ್ನು ಹೊಗಳಿಕೆಯೆಂದೇ ತಿಳಿದಿರುತ್ತಾರೆ, ಹಾಗಾಗಿ ಸಣ್ಣಗಿರುವವರ ನೋವಿಗೆ ಯಾರೂ ಕಣ್ಣೂ ಒರೆಸುವುದಿಲ್ಲ.

ಪಕ್ಕದಲ್ಲಿ ನಿಂತವರೂ ಒಂದು ಉಪಕಾರ ಮಾಡಬಹುದು. ಸಮರ್ಥನೆಗೆ ಇಳಿಯಬಾರದು, "ಅಯ್ಯೋ, ಅವರೇನು ಅಷ್ಟು ದಪ್ಪ ಇಲ್ಲ ಬಿಡ್ರೀ" ಎಂದರೆ ಗಾಯಕ್ಕೆ ಟೇಪ್ ಸುತ್ತಿ ಅಳೆದ ಹಾಗೆ. "ಮೀಡಿಯಂ ಇನ್ನೂ ಎಷ್ಟಿದೆ ನೋಡಿ" ಎಂದು ಕೇಳಿ. ಹಂಚುವವರು ಡಬ್ಬಕ್ಕೆ ಬಗ್ಗುತ್ತಾರೆ, ಮಾತು ಬಗ್ಗಿ ಹೋಗುತ್ತದೆ.

ಹೇಳಲೇಬೇಕು ಅನ್ನಿಸಿದರೆ ಅವತ್ತೇ ಹೇಳಬೇಕು, ಇಬ್ಬರೇ ಇರುವಾಗ, ಎದುರೆದುರು. ವಾಟ್ಸ್ಯಾಪಿನಲ್ಲಿ ಬೇಡ, ಅಲ್ಲಿ ದನಿ ಹೋಗುವುದಿಲ್ಲ, ಸ್ಕ್ರೀನ್‌ಶಾಟು ಮಾತ್ರ ಹೋಗುತ್ತದೆ. "ತಪ್ಪು ತಿಳ್ಕೋಬೇಡಿ" ಎಂದು ಶುರು ಮಾಡಿದರೆ ಅರ್ಧ ಕ್ಷಮೆ ನೀವೇ ಕೇಳಿದ ಹಾಗಾಯಿತು. "ಬೆಳಿಗ್ಗೆ ಎಲ್ಲರೆದುರು ನನ್ನ ಸೈಜ್ ಬಗ್ಗೆ ಅಂದ್ರಲ್ಲ, ನನಗೆ ಹಿಡಿಸಲಿಲ್ಲ. ಇನ್ಮೇಲೆ ಬೇಡ." ಅವರು ತಪ್ಪದೆ "ಅಯ್ಯೋ, ತಮಾಷೆಗೆ ಅಂದಿದ್ದು" ಅನ್ನುತ್ತಾರೆ. "ಗೊತ್ತು. ಆದ್ರೂ ಬೇಡ." ಈ ಎರಡನೆಯ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗಬೇಕು. ಅದಿಲ್ಲದೆ ಹೋದವರು ಅರ್ಧ ಗಂಟೆ ಕೂತು, ತಮಾಷೆ ಮಾಡಿದವರನ್ನೇ ಸಮಾಧಾನಪಡಿಸಿ ಎದ್ದು ಬರುತ್ತಾರೆ.

ಆಮೇಲೂ ಮುಂದುವರಿದರೆ ಅದು ತಮಾಷೆಯಲ್ಲ, ಅಭ್ಯಾಸ. ತಾರೀಕು, ಜಾಗ, ಆಡಿದ ಮಾತು ಇದ್ದ ಹಾಗೇ, ಯಾರ್ಯಾರಿದ್ದರು, ಇಷ್ಟನ್ನು ಅವತ್ತವತ್ತೇ ಬರೆದಿಡಿ. ಎಚ್‌ಆರ್ ಮುಂದೆ "ಯಾವಾಗಲೂ ಅಂತಾರೆ" ಎಂಬ ದೂರಿಗೆ ತೂಕವಿಲ್ಲ. ಹೆಂಗಸರ ಮೈ ಕುರಿತು ಮಾತಿಗೆ ಲೈಂಗಿಕ ಬಣ್ಣ ಬಂದರೆ ವಿಷಯ ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಗೆ ಹೋಗುತ್ತದೆ. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರನ್ನು ಘಟನೆ ನಡೆದ 3 ತಿಂಗಳೊಳಗೆ ಬರಹದಲ್ಲಿ ಕೊಡಬೇಕು.

ಇಷ್ಟೆಲ್ಲ ಆಗದಂತೆ ನೋಡಿಕೊಳ್ಳುವುದು ಹಂಚುವವರಿಗೆ ಬಹಳ ಸುಲಭ. ಸೈಜನ್ನು ಎಲ್ಲರೂ ನೋಡುವ ಹಾಳೆಯಲ್ಲಿ ಬರೆಸಬೇಡಿ, ಒಬ್ಬೊಬ್ಬರಿಂದ ಬೇರೆಯಾಗಿ ತರಿಸಿಕೊಳ್ಳಿ. ಎಲ್ಲರೂ ನೋಡುವ ಹಾಳೆಯಲ್ಲಿ ಜನ ಒಂದು ಸೈಜ್ ಕಡಿಮೆ ಬರೆಯುತ್ತಾರೆ. ನವೆಂಬರ್ 1ಕ್ಕೆ ಉಸಿರು ಬಿಗಿಹಿಡಿದು ಫೋಟೋಗೆ ನಿಲ್ಲುವವರು ಇವರೇ. "ಲಾರ್ಜೋ, ಎಕ್ಸೆಲ್ಲೋ" ಎಂದು ಕೇಳುವುದಕ್ಕಿಂತ, ನಿಮಗೆ ಸರಿಯಾಗುವ ಒಂದು ಟೀ ಶರ್ಟನ್ನು ನೆಲಕ್ಕೆ ಹಾಸಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು, ಎರಡರಿಂದ ಗುಣಿಸಿ ಕಳಿಸಿ ಅನ್ನಿ. 22 ಬಂದರೆ 44. ತಯಾರಕರ ಪಟ್ಟಿಯಲ್ಲಿ 44ಕ್ಕೆ ಯಾವ ಅಕ್ಷರವಿದೆಯೋ ಅದನ್ನು ಆರ್ಡರ್ ಮಾಡಿ. ದೊಡ್ಡ ಸೈಜಿನಲ್ಲಿ ಒಂದೆರಡು ಹೆಚ್ಚಿಗೆ ತರಿಸಿ, ಸಣ್ಣದರಲ್ಲಿ ಬೇಡ. ದೊಡ್ಡದನ್ನು ಟೈಲರು ಹಿಡಿದು ಹೊಲಿಯಬಲ್ಲರು, ಸಣ್ಣದನ್ನು ದೇವರೂ ಹಿಗ್ಗಿಸಲಾರ. ಬಂದ ಮೇಲೆ ಚೀಲದ ಮೇಲೆ ಹೆಸರು ಬರೆದು ಅವರವರ ಮೇಜಿನ ಮೇಲಿಡಿ. ನಲವತ್ತು ಚೀಲಕ್ಕೆ ಹೆಸರು ಬರೆಯಲು ಅರ್ಧ ಗಂಟೆ ಸಾಕು.

ಕೊನೆಗೆ ಆ ಪ್ಲಾಸ್ಟಿಕ್ ಪಟ್ಟಿಯ ವಿಷಯ. ಹೊಸ ಟೀ ಶರ್ಟಿನ ಎದೆಗೆ ಎಕ್ಸೆಲ್ ಎಕ್ಸೆಲ್ ಎಕ್ಸೆಲ್ ಎಂದು ಮೇಲಿಂದ ಕೆಳಗೆ ಜಪ ಬರೆದ ಪಾರದರ್ಶಕ ಸ್ಟಿಕ್ಕರು ಅಂಟಿಸಿರುತ್ತಾರೆ. ಧ್ವಜ ಏರಿಸುವ ಹೊತ್ತಿಗೆ ಅದನ್ನು ಕೀಳಲು ಮರೆತವರು ಒಬ್ಬರಾದರೂ ಇರುತ್ತಾರೆ, ಸಾಮಾನ್ಯವಾಗಿ ಬೆಳಗಿನಿಂದ ಹಂಚುವ ಗಡಿಬಿಡಿಯಲ್ಲಿ ಓಡಾಡಿದವರೇ. ಹತ್ತಿರ ಹೋಗಿ, "ಸಾರ್, ಸ್ಟಿಕ್ಕರ್ ಉಳ್ಕೊಂಡಿದೆ" ಎಂದು ಮೆಲ್ಲಗೆ ಹೇಳಿ. ಮೇಲಿನ ತುದಿಯಿಂದ ಬಟ್ಟೆಗೆ ಸಮವಾಗಿ ಎಳೆಯಬೇಕು, ಕಿತ್ತರೆ ಜೂಲು ಏಳುತ್ತದೆ. ಅಂಟು ಉಳಿದರೆ ಅದೇ ಪಟ್ಟಿಯ ಅಂಟುಬದಿಯನ್ನು ಎರಡು ಮೂರು ಸಲ ಒತ್ತಿ ತೆಗೆದರೆ ಬರುತ್ತದೆ. ಇಸ್ತ್ರಿ ಮಾತ್ರ ಹಾಕಬೇಡಿ. ಬಿಸಿ ತಾಗಿದರೆ ಅಂಟು ನೂಲಿನೊಳಗೆ ಇಳಿದು ಕೂರುತ್ತದೆ.