ಮ್ಯಾಗ್ನೆಟೋ ಮತ್ತು ಮುಳುಗಿಹೋದ ಆ ಜಲಾಂತರ್ಗಾಮಿ

‘ಮ್ಯಾಗ್ನೆಟೋ ಹೇಳಿದ್ದೇ ಸರಿ’ ಎಂಬ ಬರಹವಿರುವ ಟೀ ಶರ್ಟ್ ಈಗ ಎಕ್ಸ್‌ಮೆನ್ ಕಾಮಿಕ್ಸ್ ಓದದವರಿಗೂ ಪರಿಚಿತ. ಲೋಹವನ್ನು ಆಳುವ ಈ ಮ್ಯಾಗ್ನೆಟೋ, ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ ‘ಮ್ಯುಟೆಂಟ್’ಗಳನ್ನು ಮನುಷ್ಯರಿಂದ ಕಾಪಾಡಲು ಬಲಪ್ರಯೋಗವೇ ದಾರಿ ಎನ್ನುವವನು. ಆದರೆ ಆ ಟೀ ಶರ್ಟ್ ಮೊದಲು ಕಾಣಿಸಿಕೊಂಡದ್ದು ಕಥೆಯ ಒಳಗೇ ಎಂಬುದನ್ನು ಅಭಿಮಾನಿಗಳೇ ಮರೆಯುತ್ತಿದ್ದೇವೆ. ಗ್ರಾಂಟ್ ಮಾರಿಸನ್ 2001ರಿಂದ 2004ರವರೆಗೆ ಬರೆದ ‘ನ್ಯೂ ಎಕ್ಸ್‌ಮೆನ್’ ಸರಣಿಯಲ್ಲಿ ಎಕ್ಸ್‌ಮೆನ್ ಎಂಬ ಮ್ಯುಟೆಂಟ್ ತಂಡವನ್ನು ಕಟ್ಟಿದ ಪ್ರೊಫೆಸರ್ ಎಕ್ಸೇವಿಯರ್‌ನ ಶಾಲೆಯ ಕ್ವೆಂಟಿನ್ ಕ್ವೈರ್ ಎಂಬ ಬಂಡಾಯದ ಹುಡುಗ ಅದನ್ನು ತೊಟ್ಟಿದ್ದ. ಆ ಹೊತ್ತಿಗೆ ಜೆನೋಶಾ ದ್ವೀಪದಲ್ಲಿ 1.6 ಕೋಟಿ ಮ್ಯುಟೆಂಟ್‌ಗಳ ಜೊತೆಗೆ ಮ್ಯಾಗ್ನೆಟೋ ಕೂಡ ಸತ್ತನೆಂದೇ ಎಲ್ಲರೂ ನಂಬಿದ್ದರು. ಅದೇ ಸರಣಿಯ ಕೊನೆಯ ಭಾಗದಲ್ಲಿ ಅವನು ಜೀವಂತವಾಗಿ ಮರಳುತ್ತಾನೆ, ನ್ಯೂಯಾರ್ಕಿನ ಮ್ಯಾನ್‌ಹಟನ್ ಪ್ರದೇಶವನ್ನು ಧ್ವಂಸಮಾಡುತ್ತಾನೆ. ಆದರೆ ಅಮಲಿನ ವಸ್ತುವಿಗೆ ದಾಸನಾಗಿರುವ ಅವನು, ತಾನು ಸತ್ತಾಗ ಹುಟ್ಟಿಕೊಂಡ ಹುತಾತ್ಮನ ಚಿತ್ರಕ್ಕೆ ಯಾವ ರೀತಿಯಲ್ಲೂ ಸರಿಸಾಟಿಯಾಗಲಾರದೆ ಹೋಗುತ್ತಾನೆ. ಟೀ ಶರ್ಟನ್ನು ಕೊಟ್ಟ ಲೇಖಕನೇ ಅದನ್ನು ತೊಟ್ಟವರಿಗೆ ಇಂಥ ಮ್ಯಾಗ್ನೆಟೋನನ್ನೂ ತೋರಿಸಿದ.

ಅವನು ಖಳನೋ ನಾಯಕನೋ ಎಂಬ ವಾದ ಇಪ್ಪತ್ತು ವರ್ಷಗಳಿಂದ ಈ ಎರಡು ಚಿತ್ರಗಳ ನಡುವೆಯೇ ಸುತ್ತುತ್ತಿದೆ. ಎರಡೂ ಕಡೆಯವರು ಪಾತ್ರದ ಅರ್ಧವನ್ನು ಮಾತ್ರ ಓದುತ್ತಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಎಕ್ಸ್‌ಮೆನ್ ಸರಣಿಯ ಮೊದಲ ಸಂಚಿಕೆಯಲ್ಲೇ ಸೃಷ್ಟಿಸಿದ ಮ್ಯಾಗ್ನೆಟೋ, ಕ್ಷಿಪಣಿ ನೆಲೆಯೊಂದರ ಮೇಲೆ ದಾಳಿ ಮಾಡಿ ಅಬ್ಬರಿಸುವ ಸಾದಾ ಖಳನಾಗಿದ್ದ. ಅವನಿಗೆ ಒಂದು ಭೂತಕಾಲವೂ ಒಂದು ಅಂತರಂಗವೂ ಬಂದದ್ದು ಅನಂತರ ಆ ಸರಣಿಯನ್ನು ಬರೆದ ಕ್ರಿಸ್ ಕ್ಲೇರ್‌ಮಾಂಟ್ ಅವರ ಕೈಯಲ್ಲಿ. ಅದರ ತಿರುವು 1981ರ 150ನೆಯ ಸಂಚಿಕೆ, ಚಿತ್ರಗಳು ಡೇವ್ ಕಾಕ್ರಮ್ ಅವರವು. ಜಗತ್ತಿನ ರಾಷ್ಟ್ರಗಳೆಲ್ಲ ಅಣ್ವಸ್ತ್ರಗಳನ್ನು ತ್ಯಜಿಸಿ ತನಗೆ ಅಧೀನವಾಗಬೇಕೆಂದು ಅವನು ಎಚ್ಚರಿಕೆ ಕೊಡುತ್ತಾನೆ. ಉತ್ತರವಾಗಿ ‘ಲೆನಿನ್‌ಗ್ರಾಡ್’ ಎಂಬ ಸೋವಿಯತ್ ಜಲಾಂತರ್ಗಾಮಿ ಅವನ ದ್ವೀಪದತ್ತ ಕ್ಷಿಪಣಿಗಳನ್ನು ಹಾರಿಸಿದಾಗ, ಅದನ್ನು ನಾವಿಕರ ಸಮೇತ ಸಮುದ್ರದ ತಳಕ್ಕೆ ಮುಳುಗಿಸುತ್ತಾನೆ. ಆಗ ಅವನಿಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಕೊನೆಯಲ್ಲಿ, ತನ್ನ ಯಂತ್ರಗಳನ್ನು ಕೆಡಿಸಲು ಬಂದ ಕಿಟ್ಟಿ ಪ್ರೈಡ್‌ಳನ್ನು ಅವನು ಹೊಡೆದುರುಳಿಸುತ್ತಾನೆ. ಎಕ್ಸ್‌ಮೆನ್ ತಂಡದಲ್ಲೇ ಅತ್ಯಂತ ಕಿರಿಯಳು ಆಕೆ, ಹದಿಮೂರರ ಹರೆಯದ ಯೆಹೂದಿ ಹುಡುಗಿ. ಬಿದ್ದ ದೇಹವನ್ನು ಎತ್ತಿಕೊಂಡಾಗಲೇ ತಾನು ಕೊಂದಿರುವುದು ಒಂದು ಮಗುವನ್ನು ಎಂದು ಅವನಿಗೆ ಹೊಳೆಯುತ್ತದೆ. ತನ್ನ ಕುಟುಂಬವನ್ನು ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ನಲ್ಲಿ ಕಳೆದುಕೊಂಡ ಸಂಗತಿ ಅವನ ಬಾಯಿಂದ ಹೊರಬರುವುದು ಈ ಹೊತ್ತಿನಲ್ಲೇ. ಜಗತ್ತನ್ನು ಬದಲಿಸುವ ಆವೇಶದಲ್ಲಿ, ತಾನು ಜೀವಮಾನವಿಡೀ ದ್ವೇಷಿಸುತ್ತ ಬಂದವರಂತೆಯೇ ತಾನೂ ಆಗಿಬಿಟ್ಟೆ ಎಂದು ಅವನು ಎಕ್ಸ್‌ಮೆನ್ ತಂಡದ ಸ್ಟಾರ್ಮ್ ಎದುರು ಒಪ್ಪಿಕೊಂಡು ಹೊರಟುಹೋಗುತ್ತಾನೆ. ಕಿಟ್ಟಿ ಬದುಕಿಕೊಳ್ಳುತ್ತಾಳೆ. ಈ ಪುಟಗಳನ್ನು ನಾನು ಮೊದಲು ಓದಿದ್ದು ಅಂಚು ಸವೆದ ಒಂದು ಮರುಮುದ್ರಣದಲ್ಲಿ. ಅಲ್ಲಿಯವರೆಗೆ ಗುದ್ದಾಟಕ್ಕಾಗಿ ಪುಟ ತಿರುವುತ್ತಿದ್ದ ನನ್ನ ಕೈ ಅಲ್ಲಿ ನಿಂತುಹೋದದ್ದು ಈಗಲೂ ನೆನಪಿದೆ.

ಕನ್ನಡ ಕಾವ್ಯ ಓದಿದವರಿಗೆ ಇದು ತೀರ ಅಪರಿಚಿತವಾದ ಕ್ಷಣವಲ್ಲ. ನಾಗಚಂದ್ರನ ರಾವಣನೂ ಮೂರ್ಛೆ ಹೋದ ಸೀತೆಯನ್ನು ಕಂಡಾಗಲೇ ತನ್ನ ತಪ್ಪನ್ನು ಅರಿಯುತ್ತಾನೆ. ಆದರೆ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂಬ ಅಭಿಮಾನಕ್ಕೆ ಬಿದ್ದು ನಾಶವಾಗುತ್ತಾನೆ. ಇಬ್ಬರನ್ನೂ ದೊಡ್ಡ ಪಾತ್ರಗಳನ್ನಾಗಿ ಮಾಡಿದ್ದು ಪಟ್ಟ ನೋವಲ್ಲ, ಮಾಡಿದ ತಪ್ಪಿನ ಅರಿವು.

ಮಾರಿಸನ್ ಅವರ ಬಗ್ಗೆ ನನ್ನ ಆಕ್ಷೇಪ ಇರುವುದೂ ಇಲ್ಲಿಯೇ. ಮ್ಯಾಗ್ನೆಟೋ ಒಬ್ಬ ಭಯೋತ್ಪಾದಕ ಎಂದು ನೆನಪಿಸುವ ಹಕ್ಕು ಅವರಿಗೆ ಖಂಡಿತ ಇತ್ತು, ಆ ನೆನಪು ನಮಗೆ ಬೇಕೂ ಇತ್ತು. ಆದರೆ ಆಶ್‌ವಿಟ್ಜ್‌ನಿಂದ ಬದುಕಿ ಬಂದವನು ಮನುಷ್ಯರನ್ನು ಸಾಲಾಗಿ ದಹನಕುಲುಮೆಗೆ ಅಟ್ಟುವಂತೆ ಬರೆದಾಗ, 1981ರಲ್ಲಿ ತನ್ನನ್ನೇ ಗುರುತಿಸಿಕೊಂಡ ಆ ಮನುಷ್ಯ ಒಂದು ಗಳಿಗೆಯಾದರೂ ಒಳಗಿನಿಂದ ತಡೆಯಬೇಕಿತ್ತು. ಆ ತಡೆ ಅಲ್ಲಿಲ್ಲ. ಅಷ್ಟೇ ದೊಡ್ಡ ತಪ್ಪು ಅನಂತರ ನಡೆಯಿತು. ಹಾಗೆ ಮಾಡಿದ್ದು ಮ್ಯಾಗ್ನೆಟೋ ಅಲ್ಲವೇ ಅಲ್ಲ, ಅವನ ವೇಷ ಹಾಕಿದ್ದ ಝಾರ್ನ್ ಎಂಬ ಬೇರೊಬ್ಬ ಮ್ಯುಟೆಂಟ್ ಎಂದು ಕಥೆಯನ್ನು ತಿದ್ದಲಾಯಿತು. ಅಭಿಮಾನಿಗಳಲ್ಲಿ ಹಲವರು ನಿಟ್ಟುಸಿರು ಬಿಟ್ಟರು. ನನಗೆ ಅದು ಪಾತ್ರವನ್ನು ಉಳಿಸಿದಂತೆ ಕಾಣಲಿಲ್ಲ, ಉತ್ತರ ಹೇಳಬೇಕಾದ ಹೊಣೆಯಿಂದ ಅವನನ್ನು ತಪ್ಪಿಸಿದಂತೆ ಕಂಡಿತು.

2008ರಲ್ಲಿ ಆರಂಭವಾದ, ಐದು ಸಂಚಿಕೆಗಳ ‘ಮ್ಯಾಗ್ನೆಟೋ: ಟೆಸ್ಟಮೆಂಟ್’ ಇದಕ್ಕೆ ತದ್ವಿರುದ್ಧ. ಗ್ರೆಗ್ ಪಾಕ್ ಬರೆದು ಕಾರ್ಮೈನ್ ಡಿ ಜಾಂಡೊಮೆನಿಕೊ ಚಿತ್ರಿಸಿದ ಈ ಕೃತಿಯಲ್ಲಿ ಅವನು ಮ್ಯಾಕ್ಸ್ ಐಸೆನ್‌ಹಾರ್ಟ್ ಎಂಬ ಜರ್ಮನ್ ಯೆಹೂದಿ ಹುಡುಗ. ಅದ್ಭುತ ಶಕ್ತಿಗಳ ಪ್ರದರ್ಶನ ಅಲ್ಲಿ ಬಹುತೇಕ ಇಲ್ಲವೇ ಇಲ್ಲ. ಶವಗಳನ್ನು ಸಾಗಿಸಿ ಸುಡುವ ಕೆಲಸಕ್ಕೆ ನಾಜಿಗಳು ಕೈದಿಗಳಿಂದಲೇ ಕಟ್ಟಿದ ಜೋಂಡರ್‌ಕಮಾಂಡೋ ಪಡೆಯಲ್ಲಿ ಅವನನ್ನು ದುಡಿಸಲಾಗುತ್ತದೆ. ಆಶ್‌ವಿಟ್ಜ್‌ನಲ್ಲಿ ಆ ಪಡೆಯವರು 1944ರ ಅಕ್ಟೋಬರ್ 7ರಂದು ನಿಜವಾಗಿಯೂ ದಂಗೆ ಎದ್ದರು, ಕಥೆಯೂ ಆ ದಂಗೆಯವರೆಗೆ ಬರುತ್ತದೆ. ಇದನ್ನು ಓದಿದ ಮೇಲೆ ಅವನನ್ನು ಸುಮ್ಮನೆ ಹುಚ್ಚನೆಂದು ತಳ್ಳಿಹಾಕುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಈ ಪುಸ್ತಕವನ್ನು ಮುಂದಿಟ್ಟುಕೊಂಡು ಅವನು ಮುಂದೆ ಮಾಡಿದ್ದೆಲ್ಲ ಸರಿ ಎಂದು ವಾದಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆ ಹುಡುಗನ ಸಂಕಟ ಸಮರ್ಥನೆಗೆಂದು ಬಳಸುವ ಸಾಮಗ್ರಿಯಲ್ಲ.

ಕಾಲ ಸರಿದಿರುವುದರಿಂದ ಆಶ್‌ವಿಟ್ಜ್ ಹಿನ್ನೆಲೆಯನ್ನೇ ಬದಲಿಸಬೇಕು ಎಂದು ವಾದಿಸುವವರೂ ಇದ್ದಾರೆ. ವಯಸ್ಸಿನ ಲೆಕ್ಕಕ್ಕೆ ಕಥೆಯಲ್ಲಿಯೇ ಉತ್ತರವಿದೆ: 1974ರ ಒಂದು ಕಥೆಯಲ್ಲಿ ಅವನನ್ನು ಹಸುಗೂಸಾಗಿ ಮಾಡಲಾಗಿತ್ತು, ಅನಂತರ ಅವನು ಮತ್ತೆ ಯೌವನಕ್ಕೆ ಬಂದ.

ಆ ಹಳೆಯ ಘಟನೆಯನ್ನೇ ಕ್ಲೇರ್‌ಮಾಂಟ್ 1985ರ 200ನೆಯ ಸಂಚಿಕೆಯಲ್ಲಿ ಬಲು ಜಾಣ್ಮೆಯಿಂದ ಬಳಸಿದರು. ಶರಣಾದ ಮ್ಯಾಗ್ನೆಟೋನ ವಿಚಾರಣೆ ಪ್ಯಾರಿಸ್‌ನ ಅಂತರರಾಷ್ಟ್ರೀಯ ನ್ಯಾಯಪೀಠದ ಮುಂದೆ ನಡೆಯುತ್ತದೆ. ಮಗುವಾಗಿ ಮರುಹುಟ್ಟು ಪಡೆಯುವುದಕ್ಕೆ ಮೊದಲು ಮಾಡಿದ ಅಪರಾಧಗಳಿಗೆ ಅವನು ಹೊಣೆಯಲ್ಲ ಎಂದು ಪೀಠ ಹೇಳಿದಾಗ, ಉಳಿದವುಗಳಲ್ಲಿ ಅತ್ಯಂತ ಭಾರವಾದ ಆರೋಪ ಲೆನಿನ್‌ಗ್ರಾಡ್‌ನದೇ. ಕಿಟ್ಟಿಯ ಹೆಸರು ನಮಗೆಲ್ಲ ನೆನಪಿದೆ. ಆ ನಾವಿಕರ ಮಾತೆತ್ತುವವರು ಎಷ್ಟು ಜನ? ಅವನ ಪಶ್ಚಾತ್ತಾಪ ನಿಜವೆಂದು ನಂಬುವವನು ನಾನು, ಹಾಗೆ ನಂಬುವುದರಿಂದಲೇ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ವಿಚಾರಣೆಯ ನಡುವೆ ಫೆನ್ರಿಸ್ ಎಂಬ ಹೆಸರಿನ ಖಳ ಅವಳಿಗಳ ದಾಳಿಯಾಗುತ್ತದೆ. ಸಾವಿನ ಅಂಚಿನಲ್ಲಿದ್ದ ಎಕ್ಸೇವಿಯರ್ ತನ್ನ ಶಾಲೆಯನ್ನೂ ವಿದ್ಯಾರ್ಥಿಗಳನ್ನೂ ಮ್ಯಾಗ್ನೆಟೋನ ಕೈಗೆ ಒಪ್ಪಿಸುತ್ತಾನೆ. ಅವನು ಆ ಮಕ್ಕಳ ಬಳಿಗೆ ಹೊರಡುತ್ತಾನೆ, ನ್ಯಾಯಪೀಠ ತೀರ್ಪು ಕೊಡುವುದೇ ಇಲ್ಲ.