ಪಿಕಪ್ ಎತ್ತರಿಸುವ ಮುನ್ನ ಬ್ರೇಕ್ ಪೈಪ್ ನೋಡಿ

ಮಳೆ ನಿಂತು, ಕೊಚ್ಚಿಹೋದ ತೋಟದ ರಸ್ತೆಗಳ ನಿಜರೂಪ ಕಾಣುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರ ಕಡೆಯ ತರುಣರಲ್ಲಿ ಪ್ರತಿವರ್ಷ ಒಂದೇ ಮಾತು: ಪಿಕಪ್‌ಗೆ ದೊಡ್ಡ ಟೈರ್ ಹಾಕಿಸಬೇಕು, ಅದಕ್ಕೆ ಸಸ್ಪೆನ್ಷನ್ ಮೂರು ನಾಲ್ಕು ಇಂಚು ಎತ್ತರಿಸಬೇಕು. ದೊಡ್ಡ ಟೈರಿನ ಆಸೆ ತಪ್ಪಲ್ಲ, ನಮ್ಮ ರಸ್ತೆಗೆ ಅದರ ಅಗತ್ಯವೂ ಇದೆ. ಆದರೆ ಮೊದಲು ಗಾಡಿ ಎತ್ತರಿಸಿ, ಆಮೇಲೆ ಆ ಸಂದಿಗೆ ಹಿಡಿಸುವ ಟೈರ್ ಹುಡುಕುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಮೊದಲು ಟೈರ್ ನಿರ್ಧಾರವಾಗಬೇಕು, ಆ ಟೈರ್ ತಗುಲದೆ ತಿರುಗಲು ಎಷ್ಟು ಬೇಕೋ ಅಷ್ಟು ಮಾತ್ರ ಗಾಡಿ ಏಳಬೇಕು.

ನಮ್ಮ ರಸ್ತೆಯಲ್ಲಿ ಗಾಡಿಗೆ ತಗುಲುವುದು ಯಾವುದು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಎರಡು ಗಾಲಿಗಳ ಜಾಡು ಆಳವಾಗಿ, ನಡುವೆ ಹುಲ್ಲು ಬೆಳೆದ ದಿಣ್ಣೆ ಉಳಿದಿರುತ್ತದೆ. ಆ ದಿಣ್ಣೆಯಲ್ಲಿ ಅಡಗಿದ ಕಲ್ಲು ಹೊಡೆಯುವುದು ಹಿಂದಿನ ಕ್ರೌನ್ ಹೌಸಿಂಗ್‌ಗೆ, ಅಂದರೆ ಹಿಂದಿನ ಆಕ್ಸಲ್‌ನಲ್ಲಿ ಹಲ್ಲುಚಕ್ರಗಳಿರುವ ದಪ್ಪ ಗೂಡಿಗೆ. ಹೌಸಿಂಗ್ ಇರುವುದು ಗಾಲಿಗಳ ಜೊತೆಗೆ. ಸ್ಪ್ರಿಂಗ್ ಪ್ಲೇಟುಗಳನ್ನು ಏರಿಸಿ ಬಾಡಿಯನ್ನು ಎಷ್ಟೇ ಮೇಲೆ ಒಯ್ದರೂ ಅದು ಇದ್ದಲ್ಲಿಯೇ ಇರುತ್ತದೆ, ಅದನ್ನು ಎತ್ತುವುದು ಟೈರ್ ಒಂದೇ. 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿಲಿಮೀಟರ್, 265/75 ಆರ್16 ಟೈರಿನದು ಸುಮಾರು 804. ವ್ಯತ್ಯಾಸದಲ್ಲಿ ಅರ್ಧ ಮಾತ್ರ ಹೌಸಿಂಗ್‌ಗೆ ಸಿಗುವುದರಿಂದ ನಮಗೆ ದಕ್ಕುವುದು 27 ಮಿಲಿಮೀಟರ್, ಅಂದರೆ ಒಂದು ಇಂಚಿಗಿಂತ ತುಸು ಹೆಚ್ಚು. ಇದಕ್ಕೇ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ, ಮತ್ತು ಅಷ್ಟೇ ಬೇಗ ನಿಲ್ಲಲು ಬ್ರೇಕ್ ಶೇಕಡಾ 7ರಷ್ಟು ಹೆಚ್ಚು ದುಡಿಯಬೇಕಾಗುತ್ತದೆ.

ನಾನು ಕೊಂಡ ಹಳೆಯ ಪಿಕಪ್ ಕೈಗೆ ಬರುವಾಗಲೇ ಮೂರು ಇಂಚು ಎತ್ತರವಾಗಿತ್ತು. ಕೊಯ್ಲಿನ ಕಾಲದಲ್ಲಿ ಚೀಲಗಳನ್ನು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕ್ ತುಳಿದರೆ ಮೂತಿ ನೆಲಕ್ಕೆ ಬಾಗುತ್ತಿತ್ತು, ಹಿಂದಿನ ಗಾಲಿಗಳು ಹಿಡಿಯುತ್ತಲೇ ಇಲ್ಲವೇನೋ ಎನ್ನಿಸುತ್ತಿತ್ತು. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಜಾಕ್ ಕೊಟ್ಟು ಹಿಂದಿನ ಗಾಲಿಗಳನ್ನು ನೇತುಬಿಟ್ಟರು. ಚಾಸಿಯಿಂದ ಹೌಸಿಂಗ್‌ಗೆ ಇಳಿಯುವ ಬ್ರೇಕಿನ ರಬ್ಬರ್ ಪೈಪು ಬಿಗಿದ ಹಗ್ಗದಂತೆ ನೆಟ್ಟಗಾಗಿತ್ತು. ಕೀಲಿನ ಬುಡದಲ್ಲಿ ರಬ್ಬರ್ ಬಿರಿದು ಒಳಗಿನ ನೂಲಿನ ಹೆಣಿಗೆ ಬೆಳ್ಳಗೆ ಕಾಣುತ್ತಿತ್ತು. "ಅಣ್ಣಾ, ಇನ್ನೊಂದು ಬೆರಳು ಇಳಿದ್ರೆ ಇದು ಕಿತ್ತು ಬರುತ್ತೆ" ಎಂದರು. ಅಂಥ ಪೈಪನ್ನು ನಂಬಿ ನಾನು ಎರಡು ತಿಂಗಳು ಘಾಟಿ ಇಳಿದಿದ್ದೆ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪೈಪಿಗಿಂತ ದೊಡ್ಡ ದೋಷ ಅದರ ಪಕ್ಕದಲ್ಲಿತ್ತು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ನೋಡಿ ಒತ್ತಡ ಕೊಡುವ ಒಂದು ವಾಲ್ವ್ ಇರುತ್ತದೆ. ಅದನ್ನು ನಡೆಸುವುದು ಚಾಸಿಗೂ ಹೌಸಿಂಗ್‌ಗೂ ನಡುವಿನ ಒಂದು ಸಣ್ಣ ಸರಳು, ಅಷ್ಟೇ. ಲೋಡ್ ಬಿದ್ದು ಚಾಸಿ ಕೆಳಗೆ ಕೂತಾಗ ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚುತ್ತದೆ, ಖಾಲಿ ಗಾಡಿಯಲ್ಲಿ ಹಿಂದಿನ ಗಾಲಿಗಳು ಲಾಕ್ ಆಗದಿರಲೆಂದು ಕಡಿಮೆಯಾಗುತ್ತದೆ. ಪ್ಲೇಟು ಸೇರಿಸಿ ಚಾಸಿಯನ್ನು ಎತ್ತರಿಸಿದವರು ಈ ಸರಳನ್ನು ಸರಿಹೊಂದಿಸದೆ ಬಿಟ್ಟರೆ, ಗಾಡಿಯಲ್ಲಿ ಒಂದು ಟನ್ ಕಾಫಿ ಇದ್ದರೂ ಅದು ಹಗುರವಾಗಿದೆ ಎಂದೇ ವಾಲ್ವ್ ತಿಳಿಯುತ್ತದೆ. ಹಾಗಾದಾಗ ಭಾರದ ಬಹುಪಾಲನ್ನು ಮುಂದಿನ ಬ್ರೇಕುಗಳೇ ಹಿಡಿಯಬೇಕು, ಉದ್ದದ ಇಳಿಜಾರಿನಲ್ಲಿ ಅವು ಕಾದು ಸೋಲುತ್ತವೆ. ಗಾಡಿ ಎತ್ತರಿಸಿಕೊಂಡ ಹತ್ತು ಜನರಲ್ಲಿ ಒಬ್ಬರೂ ಈ ಸರಳಿನ ಬಗ್ಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ. ಈ ಬರಹಕ್ಕೆ ಮುಖ್ಯ ಕಾರಣ ಅದೇ.

ಮುಂಭಾಗದ ಲೆಕ್ಕ ಬೇರೆ. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರ್‌ನ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಇಡುತ್ತಾರೆ. ಶಾಕ್ ಕೂತಿರುವುದು ಗಾಲಿಯಿಂದ ಒಳಕ್ಕೆ, ಗಾಲಿಯನ್ನು ಚಾಸಿಗೆ ಜೋಡಿಸುವ ಕೆಳ ಆರ್ಮಿನ ನಡುವಿನಲ್ಲಿ. ಹಾಗಾಗಿ ಒಂದು ಇಂಚಿನ ಸ್ಪೇಸರ್ ಗಾಡಿಯನ್ನು ಒಂದೂವರೆಯಿಂದ ಎರಡು ಇಂಚು ಎತ್ತುತ್ತದೆ, ಇದನ್ನು ಅರಿಯದೆ ಎರಡು ಇಂಚಿನದನ್ನೇ ಹಾಕಿಸಿದವರಿದ್ದಾರೆ. ಆಗ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಗಾಲಿಯನ್ನು ತಿರುಗಿಸುವ ಆಕ್ಸಲ್‌ನ ಕೀಲು, ಅಂದರೆ ಸಿವಿ ಜಾಯಿಂಟ್, ಸದಾ ಓರೆಯಲ್ಲಿ ತಿರುಗಿ ಅದರ ರಬ್ಬರ್ ಬೂಟ್ ಹರಿಯುತ್ತದೆ, ಕೆಸರು ಒಳಹೊಕ್ಕು ಜಾಯಿಂಟ್ ಹಾಳಾಗುತ್ತದೆ. ಮೇಲಿನ ಆರ್ಮಿನ ಬಾಲ್ ಜಾಯಿಂಟ್ ಕೊನೆಯ ಅಂಚಿಗೆ ಬಂದು ನಿಲ್ಲುತ್ತದೆ. ಗಾಲಿ ಕೆಳಗಿಳಿಯಲು ಜಾಗವೇ ಉಳಿಯದೆ ಹೊಂಡದಲ್ಲಿ ಟೈರ್ ಗಾಳಿಯಲ್ಲಿ ತೇಲುತ್ತದೆ. ಎತ್ತರಿಸಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರ್ ಒಂದೇ ಬದಿಯಲ್ಲಿ ಸವೆಯುತ್ತದೆ.

ಹಿಂಭಾಗದಲ್ಲಿ ಪ್ಲೇಟಿಗೂ ಹೌಸಿಂಗ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಡುವುದಾದರೆ ಒಂದೇ ಇಡಬೇಕು, ಒಂದರ ಮೇಲೊಂದು ಪೇರಿಸಲೇಬಾರದು. ಪ್ಲೇಟನ್ನು ಹೌಸಿಂಗ್‌ಗೆ ಹಿಡಿಸುವ ಯು ಬೋಲ್ಟ್‌ಗಳು ಹೊಸವಾಗಿರಬೇಕು, ಅವುಗಳನ್ನು ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲಿಯೇ ಬಿಗಿಯಬೇಕು, ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಗಾಡಿ ಅದುರತೊಡಗಿದರೆ ಅದನ್ನು ಟೈರಿನ ಸದ್ದೆಂದು ಬಿಟ್ಟುಬಿಡಬಾರದು. ಟೈರ್ ಕೊಳ್ಳುವಾಗ ಲೋಡ್ ಸಂಖ್ಯೆಯನ್ನೂ ಓದಿ. 111 ಎಂದರೆ ಒಂದು ಟೈರ್ 1090 ಕಿಲೋ ಹೊರುತ್ತದೆ ಎಂದು ಅರ್ಥ, ಹೊಸ ಟೈರಿನದು ಹಳೆಯದಕ್ಕಿಂತ ಕಡಿಮೆ ಇರಬಾರದು.

ನಮ್ಮ ಗಾಡಿಗಳು ತೋಟದ ಕೆಸರಿನಲ್ಲಿ ಮಾತ್ರ ಓಡುವುದಿಲ್ಲ. ಬೆಳಿಗ್ಗೆ ತೋಟದಲ್ಲಿದ್ದ ಗಾಡಿಯೇ ಮಧ್ಯಾಹ್ನ ಕೊಟ್ಟಿಗೆಹಾರ ದಾಟಿ, ಮಂಜು ಮುಸುಕಿದ ಚಾರ್ಮಾಡಿಯ ತಿರುವುಗಳಲ್ಲಿ ಇಳಿಯುತ್ತದೆ. ಮೂರು ಇಂಚು ಮೇಲೇರಿದ ಭಾರ ಅಲ್ಲಿ ಹೊರಬದಿಗೆ ವಾಲುತ್ತದೆ. ಚೀಲ ಹೇರುವವರ ಕಷ್ಟವನ್ನೂ ನಾನು ಕಂಡಿದ್ದೇನೆ. 50 ಕಿಲೋ ಚೀಲವನ್ನು ದಿನವಿಡೀ ಮೂರು ಇಂಚು ಹೆಚ್ಚು ಎತ್ತುವವರ ಸೊಂಟಕ್ಕೆ ಆ ಮೂರು ಇಂಚು ಸಣ್ಣದಲ್ಲ.

ಕಾನೂನನ್ನೂ ಕಡೆಗಣಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಕೇಳದೆ ಸ್ಪ್ಯಾನರ್ ಹಿಡಿಸಬೇಡಿ.

ನಾನು ಆ ಮೂರು ಇಂಚನ್ನು ತೆಗೆಸಿ, ಕಂಪನಿ ಕೊಟ್ಟ ಎತ್ತರಕ್ಕೂ ಅಳತೆಯ ಟೈರಿಗೂ ಮರಳಿದೆ, ಕೆಸರಿಗೆ ಒರಟು ಹಲ್ಲಿನ ಟೈರ್ ಆರಿಸಿಕೊಂಡೆ, ದಿಣ್ಣೆಯ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸಿ ಜಾಡಿಗೆ ತುಂಬಿಸಿದೆ. ನೀವು ಎತ್ತರಿಸುವುದೇ ಆದರೆ, ಗ್ಯಾರೇಜಿನವರಿಗೆ ಹಣ ಕೊಡುವ ಮುನ್ನ ಗಾಡಿಯನ್ನು ಕಾಫಿ ಕಣಕ್ಕೆ ತಂದು, ಲೋಡ್ ಹೇರಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲಿ ಉಜ್ಜುತ್ತದೆ ನೋಡಿ. ಆಮೇಲೆ ಲೋಡ್ ಇಳಿಸಿ, ಚಾಸಿಗೆ ಜಾಕ್ ಕೊಟ್ಟು ಗಾಲಿಗಳನ್ನು ನೇತುಬಿಡಿ. ಬ್ರೇಕ್ ಪೈಪಿನಲ್ಲಿ ಎಷ್ಟು ಸಡಿಲ ಉಳಿದಿದೆ ಎಂಬುದನ್ನು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ.