ದಂಡ ಕಟ್ಟಿದರೆ ಮುಗಿಯುವ ದೇಶ, ಮುಗಿಯದ ದೇಶ

‘ಎರಡು ದಿನ ತಾನೇ, ಏನಾಗತ್ತೆ?’ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮನ ವಾಪಸ್ ಟಿಕೆಟ್ ಮುಂದೂಡುವಾಗ ಇಲ್ಲಿನ ಕನ್ನಡದ ಮನೆಗಳಲ್ಲಿ ಬರುವ ಮಾತು ಇದು. ಉಳಿಯಲು ಕೊಟ್ಟ ಅವಧಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಆಯಾ ದೇಶಕ್ಕೆ ಬೇರೆ ಬೇರೆ.

ಥಾಯ್ಲೆಂಡಿನಲ್ಲಿ ಲೆಕ್ಕ ಸಲೀಸು. ಮೀರಿದ ದಿನಕ್ಕೆ 500 ಬಾತ್ ದಂಡ; 20,000 ಮುಟ್ಟಿದ ಮೇಲೆ ಏರುವುದಿಲ್ಲ. ತಾವಾಗಿಯೇ ವಿಮಾನ ನಿಲ್ದಾಣಕ್ಕೆ ಹೋಗಿ ಕಟ್ಟಿದರೆ, ಮೀರಿದ್ದು 90 ದಿನದೊಳಗಿದ್ದರೆ, ನಿಷೇಧವಿಲ್ಲ. ಅದೇ ಎರಡು ದಿನಕ್ಕೆ ದಾರಿಯಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದರೆ 5 ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ದುಬೈಯಲ್ಲಿ ದಿನಕ್ಕೆ 50 ದಿರ್ಹಮ್. ಅವಧಿ ಮುಗಿದ ಮೇಲೂ ದಂಡವಿಲ್ಲದೆ ಸಿಗುತ್ತಿದ್ದ 10 ದಿನದ ರಿಯಾಯಿತಿಯನ್ನು ನಂಬಿ ಕೂರಬೇಡಿ, ಅದು 2023ರಲ್ಲೇ ಹೋಯಿತು.

ಕೈಗೊಂದು ರಸೀದಿ ಕೊಟ್ಟು ಕಳಿಸುವ ಈ ಪದ್ಧತಿಯೇ ವಾಸಿ ಅನ್ನುತ್ತೇನೆ. ಅಮೆರಿಕದಲ್ಲಿ ದಂಡವೂ ಇಲ್ಲ, ರಸೀದಿಯೂ ಇಲ್ಲ. ಹೊರಡುವಾಗ ನಮ್ಮಲ್ಲಿರುವಂಥ ಇಮಿಗ್ರೇಷನ್ ಸಾಲೇ ಇಲ್ಲ. ಸೆಕ್ಯುರಿಟಿ ದಾಟಿ ವಿಮಾನ ಹತ್ತಿದರಾಯಿತು. ಯಾರೂ ಏನೂ ಕೇಳಲಿಲ್ಲ ಎಂದು ಸಮಾಧಾನ ಪಟ್ಟುಕೊಂಡಿರುತ್ತೇವೆ. ಆದರೆ ವಿಮಾನ ಸಂಸ್ಥೆ ಕಳಿಸುವ ಪ್ರಯಾಣಿಕರ ಪಟ್ಟಿಯಿಂದ ಹೊರಟ ದಿನ ದಾಖಲಾಗಿರುತ್ತದೆ. ಒಂದೇ ದಿನ ಮೀರಿದ್ದರೂ 10 ವರ್ಷದ ಬಿ1/ಬಿ2 ಪ್ರವಾಸಿ ವೀಸಾ ಕಾನೂನಿನ ಪ್ರಕಾರ ಅಲ್ಲಿಗೇ ಅಸಿಂಧು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಹಾಳೆ ಮಾತ್ರ ಎಂದಿನಂತೇ ಇರುತ್ತದೆ. ಅದನ್ನೇ ನಂಬಿ ಮುಂದಿನ ಸಲ ಬಂದಿಳಿದರೆ ಕೌಂಟರಿನಿಂದಲೇ ಹಿಂದಕ್ಕೆ ಕಳಿಸಬಹುದು.

ಹೊಸ ವೀಸಾಕ್ಕೆ ಸ್ವದೇಶದಲ್ಲೇ ಅರ್ಜಿ ಹಾಕಬೇಕು. ಅದರ ಅರ್ಜಿಯಾದ ಡಿಎಸ್-160 ಫಾರ್ಮಿನಲ್ಲಿ ‘ಕೊಟ್ಟ ಅವಧಿ ಮೀರಿ ಉಳಿದಿದ್ದಿರಾ’ ಎಂಬ ಪ್ರಶ್ನೆ ಇದೆ. ‘ಹೌದು’ ಎಂದು ಕಾರಣ ಬರೆಯಿರಿ. ಹೆದರಿ ‘ಇಲ್ಲ’ ಎಂದರೆ ಸುಳ್ಳು ಹೇಳಿದ ಆರೋಪ ಬರುತ್ತದೆ, ಅದು ಎರಡು ದಿನದ ತಪ್ಪಿಗಿಂತ ಎಷ್ಟೋ ಭಾರಿ. 3 ವರ್ಷದ ನಿಷೇಧ 180 ದಿನ ಮೀರಿದವರಿಗೆ, 10 ವರ್ಷದ್ದು ಒಂದು ವರ್ಷ ಮುಟ್ಟಿದವರಿಗೆ. ಇದನ್ನು ಅರ್ಧ ಕೇಳಿಸಿಕೊಂಡವರೇ ‘180ರ ತನಕ ಪರವಾಗಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ಬರುವುದು.

ಎಡವುವುದು ತಾರೀಖಿನಲ್ಲಿ. ಲೆಕ್ಕಕ್ಕೆ ಬರುವುದು ವೀಸಾದ ಮೇಲಿನ ದಿನಾಂಕವಲ್ಲ, ಅಮೆರಿಕಕ್ಕೆ ಬಂದಿಳಿದಾಗ ಆಗುವ ಪ್ರವೇಶ ದಾಖಲೆ ಐ-94ರಲ್ಲಿರುವುದು. ಬಂದ ವಾರದಲ್ಲೇ ಗಡಿ ಇಲಾಖೆಯಾದ ಸಿಬಿಪಿ ವೆಬ್‌ಸೈಟಿನಿಂದ ಅದನ್ನು ತೆಗೆದು ಪ್ರಿಂಟ್ ಹಾಕಿಡಿ. ಜನವರಿ 10ಕ್ಕೆ ಇಳಿದವರಿಗೆ ಸಾಮಾನ್ಯವಾಗಿ ಜುಲೈ 9 ಎಂದಿರುತ್ತದೆ. ಆರು ತಿಂಗಳೆಂದು ಬಾಯಿಲೆಕ್ಕ ಹಾಕಿ 10ಕ್ಕೆ ಬುಕ್ ಮಾಡಿದರೆ ಕೆಟ್ಟಿತು. 9ರ ರಾತ್ರಿ 11:30ರ ವಿಮಾನವೂ ಬೇಡ. ಒಂದು ಗಂಟೆ ತಡವಾದರೆ ತಾರೀಖು ಬದಲಾಗುತ್ತದೆ. ಒಂದು ವಾರ ಮುಂಚಿನ ಟಿಕೆಟ್ಟೇ ಕ್ಷೇಮ. ನಿಜಕ್ಕೂ ಉಳಿಯಬೇಕಿದ್ದರೆ ಅವಧಿ ವಿಸ್ತರಿಸಲು ಕೇಳುವ ಐ-539 ಅರ್ಜಿ ಐ-94 ಮುಗಿಯುವುದಕ್ಕೆ 45 ದಿನ ಮೊದಲೇ ಹೋಗಲಿ, ಅದರ ರಸೀದಿ ಜೋಪಾನ. ವಿಮಾನವೇ ರದ್ದಾಗಿ ದಿನ ಮೀರಿದರೆ ಸಂಸ್ಥೆಯಿಂದ ಪತ್ರ ಪಡೆದು, ಬೋರ್ಡಿಂಗ್ ಪಾಸ್ ಜೊತೆ ಇಟ್ಟುಕೊಳ್ಳಿ.

ಯೂರೋಪಿನ ಶೆಂಗೆನ್ ವೀಸಾದಲ್ಲಿ ತೊಡಕು ಬೇರೆ. ಹಾಳೆಯ ಮೇಲೆ ‘ಇಂಥ ದಿನದಿಂದ ಇಂಥ ದಿನದವರೆಗೆ’ ಒಂದು, ‘ಇಷ್ಟು ದಿನ’ ಇನ್ನೊಂದು. ತಿಂಗಳ ಅವಧಿಯೊಳಗೆ 15 ದಿನ ಎಂದಿದ್ದರೆ 15ನೆಯ ದಿನ ಮುಗಿಯುವುದರೊಳಗೆ ಹೊರಬಿದ್ದಿರಬೇಕು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಮೊದಲು ಅಧಿಕಾರಿ ಮುದ್ರೆಗಳನ್ನು ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ, ಬಂದುಹೋಗುವುದನ್ನು ದಾಖಲಿಸುವ ಇಇಎಸ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಎಣಿಸುತ್ತದೆ.

ಇನ್ನು ನಮ್ಮ ದೇಶ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಅಲ್ಲಿನ ಪಾಸ್‌ಪೋರ್ಟಿನಲ್ಲಿ, ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡು) ಇನ್ನೂ ಕೈಗೆ ಬಾರದೆ, ಇ-ವೀಸಾ ಮೇಲೆ ಅಜ್ಜಿಮನೆಗೆ ಹೋಗುತ್ತಾರೆ. ಭಾರತದಲ್ಲಿ ಅವಧಿ ಮೀರಿದರೆ ಥಾಯ್ಲೆಂಡಿನಂತೆ ನಿಲ್ದಾಣದಲ್ಲೇ ದುಡ್ಡು ಕೊಟ್ಟು ಹೊರಡಲಾಗದು. ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲಿನಲ್ಲಿ ಅರ್ಜಿ ಹಾಕಿ, ದಂಡ ತುಂಬಿ, ಎಕ್ಸಿಟ್ ಪರ್ಮಿಟ್ ಕೈಗೆ ಬಂದ ಮೇಲೆ ಟಿಕೆಟ್ ತೆಗೆಯಿರಿ. ಇಲ್ಲದಿದ್ದರೆ ದೇವನಹಳ್ಳಿಯಲ್ಲಿ ಅಪ್ಪ ಅಮ್ಮನ ಪಾಸ್‌ಪೋರ್ಟಿಗೆ ಮುದ್ರೆ ಬೀಳುತ್ತದೆ, ಮಗುವಿನದಕ್ಕೆ ಬೀಳುವುದಿಲ್ಲ.